ಹದಿನೆಂಟು ಗ್ರಾಂ ಹಗುರವಾದ ಪಿಸ್ಟನ್

ಹರೀಶ ಮಾವ ಕುಂಟನಾದದ್ದು ಹೇಗೆ ಎಂದು ನಮ್ಮ ನೆಂಟರಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ. ಅವನ ಭಾವ, ಅಂದರೆ ನನ್ನ ಅಪ್ಪ, ರೇಸಿನ ಬೈಕಿನ ಪಿಸ್ಟನ್ನನ್ನು ಕೊರೆದು ಕೊರೆದು ಹಗುರ ಮಾಡಿದ, ಅದು ಓಡುವಾಗ ಒಡೆದುಹೋಯಿತು, ಮಾವ ಬಿದ್ದ. ಮದುವೆ ಮನೆಯ ಪಂಕ್ತಿಯಲ್ಲಿ, ಸೋಮವಾರಪೇಟೆಯ ಅಜ್ಜಿ ಮನೆಯ ಜಗಲಿಯಲ್ಲಿ, ನಾನು ಪಕ್ಕದಲ್ಲೇ ಇದ್ದೇನೆ ಎಂಬುದನ್ನು ಮರೆತು, ಕೆಲವೊಮ್ಮೆ ಮರೆಯದೆಯೂ, ಇದನ್ನು ಹೇಳಿದ್ದಾರೆ. ಈ ಮಾತಿನಲ್ಲಿ ಮೂರು ತುಂಡುಗಳಿವೆ. ಮೊದಲನೆಯದು ನಿಜ, ಕೊನೆಯದು ನಿಜ, ನಡುವಿನದು ಸುಳ್ಳು. ಪಿಸ್ಟನ್ ಒಡೆಯಲಿಲ್ಲ. ಬಿಚ್ಚಿ ತೆಗೆದಾಗ ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಎಲ್ಲೂ ಬಿರುಕಿರಲಿಲ್ಲ, ಮೈಯ ಸುತ್ತ ನಾಲ್ಕು ಕಡೆ ಉಜ್ಜಿ ಕಿತ್ತ ಗಾಯಗಳಿದ್ದವು, ಅಷ್ಟೇ. ಕಾಲೇಜಿನ ಚರ್ಚಾ ತಂಡದಲ್ಲಿ ನನಗೆ ಮೊದಲು ಕಲಿಸಿದ್ದೇ ಇದು: ಎರಡು ನಿಜಗಳ ನಡುವೆ ಜಾಣತನದಿಂದ ಕೂತಿರುವ ವಾಕ್ಯವನ್ನು ಮೊದಲು ಎಬ್ಬಿಸು. ಅಷ್ಟೊಂದು ವೇದಿಕೆಗಳಲ್ಲಿ ಅಷ್ಟೊಂದು ವಾಕ್ಯಗಳನ್ನು ಎಬ್ಬಿಸಿದ ನಾನು ಇದೊಂದನ್ನು ಮಾತ್ರ ಹದಿನೈದು ವರ್ಷ ಮುಟ್ಟಲಿಲ್ಲ. ಅದು ಎದ್ದರೆ ಖಾಲಿಯಾದ ಜಾಗದಲ್ಲಿ ಯಾರು ಬಂದು ಕೂರುತ್ತಾರೆ ಎಂಬ ಹೆದರಿಕೆ ನನಗಿತ್ತು.

ಗಾಳಿಬೀಡಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಮನೆ. ಮನೆಗಿಂತ ಗ್ಯಾರೇಜು ದೊಡ್ಡದು. ಎಸ್ಟೇಟುಗಳ ಕಳೆ ಕೊಚ್ಚುವ ಮೆಷಿನ್ನು, ಮರ ಕುಯ್ಯುವ ಮೆಷಿನ್ನು, ಔಷಧಿ ಹೊಡೆಯುವ ಪಂಪು, ಹಳೆಯ ಟೂ ಸ್ಟ್ರೋಕ್ ಬೈಕುಗಳು, ಹೀಗೆ ಹೊಗೆ ಉಗುಳುವ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಗ್ಯಾರೇಜಿಗೂ ಅಡುಗೆಮನೆಗೂ ಒಂದೇ ಗೋಡೆ, ನಡುವೆ ಒಂದು ಬಾಗಿಲು. ಬಾಗಿಲಿನ ಈಚೆ ಅಮ್ಮನ ರಾಜ್ಯ. ಅವಳು ಹೋಮ್‌ಮೇಡ್ ಚಾಕ್ಲೇಟು ಮಾಡಿ ಮಡಿಕೇರಿಯ ಅಂಗಡಿಗಳಿಗೆ ಕೊಡುತ್ತಿದ್ದಳು. ಅದಕ್ಕಾಗಿ ಅವಳ ಬಳಿ ಮೂರು ಒಳ್ಳೆಯ ವಸ್ತುಗಳಿದ್ದವು: ಒಂದೊಂದು ಗ್ರಾಮನ್ನೂ ಬಿಡದೆ ತೋರಿಸುವ ತಕ್ಕಡಿ, ಒಂದು ಓವನ್, ದೊಡ್ಡ ಫ್ರೀಜರ್ ಇದ್ದ ಫ್ರಿಜ್ಜು. ಮೂರನ್ನೂ ಅಪ್ಪ ಅರ್ಧ ಆಕ್ರಮಿಸಿಕೊಂಡಿದ್ದರು. ಇಂಜಿನ್ನಿನ ಹೊರಕವಚವನ್ನು ಓವನ್ನಿನಲ್ಲಿ ಕಾಯಿಸಿ ಹಿಗ್ಗಿಸುವುದು, ಬೇರಿಂಗನ್ನು ಫ್ರೀಜರಿನಲ್ಲಿಟ್ಟು ಕುಗ್ಗಿಸುವುದು, ಆಮೇಲೆ ಸುತ್ತಿಗೆ ಮುಟ್ಟದೆ ಒಂದರೊಳಗೊಂದನ್ನು ಕೂರಿಸುವುದು ಅವರ ಪದ್ಧತಿ. ಬಿಸಿಯಾದದ್ದು ಹಿಗ್ಗುತ್ತದೆ, ತಣ್ಣಗಾದದ್ದು ಕುಗ್ಗುತ್ತದೆ ಎಂಬುದನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಗೋಡಂಬಿ ಚಾಕ್ಲೇಟಿನ ಟ್ರೇ ಪಕ್ಕದಲ್ಲಿ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಮಲಗಿದ್ದ ಬೇರಿಂಗುಗಳಿಂದ ಕಲಿತೆ.

ತಕ್ಕಡಿಯದು ಬೇರೆಯೇ ಜಗಳ. ರೇಸಿನ ಬೈಕು ಬಂದ ಮೇಲೆ ಅಪ್ಪನಿಗೆ ತೂಕದ ಹುಚ್ಚು ಹಿಡಿಯಿತು. ಬೈಕು ಅಮ್ಮನ ತಮ್ಮ ಹರೀಶ ಮಾವನದು. ಸುಗ್ಗಿ ಮುಗಿದ ಗದ್ದೆಗಳಲ್ಲಿ ನಡೆಯುವ ರೇಸುಗಳಲ್ಲಿ ಅವನು ಓಡಿಸುತ್ತಿದ್ದ. ಅಪ್ಪ ರೇಸು ನೋಡಿದವರೇ ಅಲ್ಲ. ಅವರಿಗೆ ಬೇಕಾಗಿದ್ದದ್ದು ಇಂಜಿನ್ನಿನ ಹೊಟ್ಟೆಯೊಳಗಿನ ತೂಕ. ತುಂಬಿದ ಬಿಂದಿಗೆ ಹಿಡಿದು ಮೆಟ್ಟಿಲು ಹತ್ತಿ ಇಳಿದು ಮಾಡು, ಆಮೇಲೆ ಖಾಲಿ ಬಿಂದಿಗೆ ಹಿಡಿದು ಮಾಡು ಎಂದು ನನಗೆ ಹೇಳಿ, ಯಾವಾಗ ಕೈ ನೋವು ಬಂತು ಎಂದು ಕೇಳಿದ್ದರು. ತಿರುಗುವಾಗ ಎಂದೆ. ಅವರಿಗೆ ಅದೇ ಉತ್ತರ ಬೇಕಿತ್ತು. ಪಿಸ್ಟನ್ ಒಂದು ನಿಮಿಷಕ್ಕೆ ಸಾವಿರಾರು ಸಲ ಮೇಲೆ ಹೋಗಿ, ಅಲ್ಲಿ ನಿಂತು, ಕೆಳಗೆ ತಿರುಗಬೇಕು. ಪ್ರತಿ ತಿರುವಿನಲ್ಲೂ ಅದರ ತೂಕ ಅದನ್ನು ಹಿಡಿದುಕೊಂಡಿರುವ ಕೋಲನ್ನು ಜಗ್ಗುತ್ತದೆ. ಒಂದು ಗ್ರಾಂ ಕಳೆದರೆ ಅಷ್ಟು ಸಾವಿರ ಸಲ ಒಂದು ಗ್ರಾಂ ಕಳೆದ ಹಾಗೆ. ಅಕ್ಕಿ ರೊಟ್ಟಿ ಮುರಿಯುತ್ತಾ ಅವರು ಇದನ್ನು ಹೇಳುವಾಗ ಮುಖದಲ್ಲಿ ಒಂದು ಬಗೆಯ ಭಕ್ತಿ ಇರುತ್ತಿತ್ತು. ಪಿಸ್ಟನ್ನಿನ ಪಿನ್ನನ್ನು ಒಳಗಿನಿಂದ ಕೊರೆದು ಟೊಳ್ಳು ಮಾಡಿದರು. ಗಾಳಿ ಪೆಟ್ರೋಲು ಒಳಗೆ ಬಿಡುವ ಕವಾಟದ ಉಕ್ಕಿನ ಎಸಳುಗಳನ್ನು ತೆಗೆದು, ಎಲ್ಲಿಂದಲೋ ತರಿಸಿದ ಕಾರ್ಬನ್ ಫೈಬರಿನ ಕಪ್ಪು ಹಾಳೆಯಿಂದ ಹೊಸ ಎಸಳು ಕತ್ತರಿಸಿದರು. ಕತ್ತರಿಸಿದ್ದು ಅಮ್ಮ ಚಾಕ್ಲೇಟಿನ ಬಣ್ಣದ ಕಾಗದ ಕತ್ತರಿಸುವ ಕತ್ತರಿಯಲ್ಲಿ. ಕತ್ತರಿ ಮೊಂಡಾಯಿತು. ಅಮ್ಮ ಕೇಳಿದ್ದಕ್ಕೆ ಅಪ್ಪ ಸಮಾಧಾನದಿಂದ, ಉಕ್ಕಿನ ಎಸಳು ಮುರಿದರೆ ಒಳಗೆ ಹೋಗಿ ಎಲ್ಲವನ್ನೂ ಗೀರುತ್ತದೆ, ಇದು ಮುರಿದರೂ ಮೆತ್ತಗೆ ಪುಡಿಯಾಗುತ್ತದೆ ಎಂದರು.

"ಅಂದ್ರೆ ಮುರಿಯೋದನ್ನ ಮೊದ್ಲೇ ಒಪ್ಕೊಂಡು ಕೂತಿದೀರ."

ಅಮ್ಮನದು ಸುಮ್ಮನೆ ಎದ್ದ ಹೆದರಿಕೆಯಲ್ಲ. ಅದನ್ನು ಬಿತ್ತಿದವನು ಹರೀಶ ಮಾವನೇ. ಒಂದು ದಿನ ಕಡುಬು ತಿನ್ನುತ್ತಾ, ತಮಾಷೆಯ ಧಾಟಿಯಲ್ಲೇ, ಓಡುವ ಇಂಜಿನ್ನಿನೊಳಗೆ ಪಿಸ್ಟನ್ ಹಿಗ್ಗಿ ಗೋಡೆಗೆ ಅಂಟಿಕೊಂಡರೆ ಹಿಂದಿನ ಚಕ್ರವನ್ನು ಹಗ್ಗ ಹಾಕಿ ಕಟ್ಟಿದ ಹಾಗೆ ನಿಂತುಬಿಡುತ್ತದೆ, ಅದಕ್ಕೇ ನಾವೆಲ್ಲ ಯಾವಾಗಲೂ ಎರಡು ಬೆರಳು ಕ್ಲಚ್ಚಿನ ಮೇಲೆ ಇಟ್ಟಿರುತ್ತೇವೆ, ಅಂಟಿತು ಅಂದ ಕೂಡಲೇ ಹಿಡಿದರೆ ಬದುಕು, ಇಲ್ಲದಿದ್ದರೆ ಗದ್ದೆಯ ಬದು ಎಂದ. ಅವನು ಇನ್ನೊಂದು ಕಡುಬು ಹಾಕಿಸಿಕೊಂಡ. ಅಮ್ಮ ಊಟ ಬಿಟ್ಟಳು. ಆಮೇಲೆ ಅವನು ಹೊರಡುವಾಗಲೆಲ್ಲ ಹೋಗಿ ಬಾ ಎನ್ನುವ ಬದಲು "ಬೆರಳು, ಹರೀ" ಎನ್ನುವುದು ರೂಢಿಯಾಯಿತು. ಅವಳಿಗೆ ಇದ್ದದ್ದು ಒಬ್ಬನೇ ತಮ್ಮ. ಅವರಪ್ಪ ತೀರಿಕೊಂಡ ಮೇಲೆ ಶಾಲೆಗೆ ಕಳಿಸಿದ್ದು, ವಿಭೂತಿ ಹಚ್ಚಿದ್ದು, ಜ್ವರ ಬಂದಾಗ ಕೂತದ್ದು ಎಲ್ಲ ಅವಳೇ. ಅವನು ತನ್ನ ಗಂಡನ ಕೈಕೆಲಸದ ಮೇಲೆ ಕೂತು ಸಾಯುತ್ತಾನೆ ಎಂಬ ಚಿತ್ರ ಅವಳ ತಲೆಯಲ್ಲಿ ಗಟ್ಟಿಯಾಗಿಬಿಟ್ಟಿತ್ತು.

ನಾನು ಭಯವನ್ನು ಕಲಿತದ್ದು ಕಿವಿಯಿಂದ. ಪ್ರತಿ ಸಲ ಒಳಗೆ ಏನಾದರೂ ಬದಲಾಯಿಸಿದಾಗ ಮಾವ ಬೈಕನ್ನು ಗಾಳಿಬೀಡಿನ ಏರಿಗೆ ಹತ್ತಿಸಿ ವಾಪಸು ತರುತ್ತಿದ್ದ. ಶಬ್ದ ದೂರವಾಗುತ್ತಾ, ತಿರುವಿನಲ್ಲಿ ಸಣ್ಣದಾಗಿ, ಗುಡ್ಡದ ಹಿಂದೆ ಪೂರ್ತಿ ಕಾಣೆಯಾಗುತ್ತಿತ್ತು. ಅಮ್ಮ ಬಿಸಿನೀರಿನ ಮೇಲಿಟ್ಟ ಚಾಕ್ಲೇಟು ಪಾತ್ರೆಯ ಮುಂದೆ ಸೌಟು ಎತ್ತಿ ಹಿಡಿದು ನಿಂತಿರುತ್ತಿದ್ದಳು. ಗೋಡೆಯಾಚೆ ಅಪ್ಪನೂ ಸ್ಪ್ಯಾನರು ಕೆಳಗಿಟ್ಟು ಕೇಳುತ್ತಿದ್ದರು ಎಂದು ನನಗೆ ಗೊತ್ತಿತ್ತು, ಆ ಕಡೆಯಿಂದಲೂ ಏನೂ ಸದ್ದಿರುತ್ತಿರಲಿಲ್ಲ. ಇಬ್ಬರೂ ಕೇಳುತ್ತಿದ್ದದ್ದು ಒಂದೇ ಶಬ್ದವನ್ನು. ಒಬ್ಬರು ಅದು ಎಷ್ಟು ಏರುತ್ತದೆ ಎಂದು, ಇನ್ನೊಬ್ಬರು ಅದು ಇನ್ನೂ ಇದೆಯೇ ಎಂದು. ಶಬ್ದ ಮತ್ತೆ ಹುಟ್ಟುವ ತನಕ ಕೈ ಆಡಿಸದ ಚಾಕ್ಲೇಟು ಹರಳುಹರಳಾಗುತ್ತಿತ್ತು. ಅದನ್ನು ಅಂಗಡಿಗೆ ಕೊಡುವಂತಿಲ್ಲ, ಮನೆಯಲ್ಲೇ ಉಳಿಯುತ್ತಿತ್ತು. ನಾನು ಚಿಕ್ಕವಳಿದ್ದಾಗ ತಿಂದ ಚಾಕ್ಲೇಟೆಲ್ಲ ಅಮ್ಮ ಹೆದರಿದ ದಿನಗಳದ್ದು.

ನನಗೆ ಹನ್ನೊಂದು ತುಂಬಿದ ಚಳಿಗಾಲದಲ್ಲಿ ಹೊಸ ಪಿಸ್ಟನ್ ಬಂತು. ಹಳೆಯದು ಅಚ್ಚಿಗೆ ಹೊಯ್ದದ್ದು, ಇದು ಒತ್ತಿ ಬಡಿದು ಮಾಡಿದ್ದು. ಇದರ ಲೋಹ ಗಟ್ಟಿ, ಹಾಗಾಗಿ ತೆಳುವಾಗಿ ಕೊರೆಯಬಹುದು. ಆದರೆ ಬಿಸಿಯಾದಾಗ ಹಳೆಯದಕ್ಕಿಂತ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಸಿಲಿಂಡರಿನ ಗೋಡೆಗೂ ಅದಕ್ಕೂ ನಡುವೆ ಹೆಚ್ಚು ಸಂದು ಬಿಡಬೇಕು. ಎಷ್ಟು ಸಂದು ಎನ್ನುವುದೇ ಎಲ್ಲ. ಕೂದಲೆಳೆಯಷ್ಟೂ ಅಲ್ಲದ ಲೆಕ್ಕ. ಅಪ್ಪ ಅದನ್ನು ಲೇತಿಗೆ ಹಾಕಿ ಒಳಗಿನಿಂದ ಕೊರೆದರು, ತೂಗಿದರು, ಮತ್ತೆ ಕೊರೆದರು. ಅಮ್ಮ ಅಷ್ಟೂ ಹೊತ್ತು ತಕ್ಕಡಿಗೆ ಕಾಯುತ್ತಾ ನಿಂತಿದ್ದಳು.

"ಎಷ್ಟ್ ಕಮ್ಮಿ ಆಯ್ತು?"

"ಹದಿನೆಂಟ್ ಗ್ರಾಂ, ಗಿರಿಜಾ. ಹದಿನೆಂಟು."

"ಅದನ್ನ ಮಾಡಿದೋರು ಆ ಹದಿನೆಂಟ್ ಗ್ರಾಂ ಅಲ್ಲಿ ಸುಮ್ನೆ ಇಟ್ಟಿದ್ರಾ?"

ಅದು ಒಳ್ಳೆಯ ಪ್ರಶ್ನೆ. ನಾನು ಇಂದಿಗೂ ಅದಕ್ಕಿಂತ ಒಳ್ಳೆಯದನ್ನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಅಪ್ಪ ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿ ಗ್ಯಾರೇಜಿನ ಮೇಜಿನ ಮೇಲಿಟ್ಟರು. ರೇಸಿಗೆ ನಡುವೆ ಒಂದೇ ದಿನ ಉಳಿದಿತ್ತು. ಮರುದಿನ ಅದರ ಅಳತೆ ತೆಗೆದು, ಆ ಅಳತೆಗೆ ಸರಿಯಾಗಿ ಸಿಲಿಂಡರಿನ ಒಳಗೋಡೆ ಉಜ್ಜಿ ಜೋಡಿಸುವುದೆಂದು ಮಾತಾಯಿತು.

ಮರುದಿನ ಬೆಳಿಗ್ಗೆ ಅಪ್ಪ ಬಚ್ಚಲಲ್ಲಿದ್ದಾಗ, ಅಮ್ಮ ಗ್ಯಾರೇಜಿಗೆ ಹೋಗಿ ಪಿಸ್ಟನ್ನನ್ನು ಸೆರಗಿನಲ್ಲಿ ಮುಚ್ಚಿ ತಂದು, ಫ್ರೀಜರು ತೆಗೆದು, ಗೋಡಂಬಿ ಟ್ರೇಗಳ ಕೆಳಗೆ, ತೀರಾ ಹಿಂದಕ್ಕೆ ತಳ್ಳಿದಳು. ಅಪ್ಪನ ಬೇರಿಂಗುಗಳು ಇರುತ್ತಿದ್ದದ್ದು ಫ್ರೀಜರಿನ ಬಾಗಿಲ ಕಡೆ. ಅವಳ ಟ್ರೇಗಳನ್ನು ಅವರು ಎಂದೂ ಸರಿಸುತ್ತಿರಲಿಲ್ಲ. ತಿರುಗಿದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ.

"ನಾಳೆ ಒಂದ್ ದಿನ ಕಳೀಲಿ ಮಗ. ಆಮೇಲೆ ನಾನೇ ಕೊಡ್ತೀನಿ."

ನಾನು ತಲೆಯಾಡಿಸಿದೆ. ಬೆದರಿಸಿ ಆಡಿಸಿದ್ದಲ್ಲ ಅದು. ನನಗೂ ಮಾವ ಹೋಗುವುದು ಬೇಡವಾಗಿತ್ತು.

ಅಪ್ಪ ಅರ್ಧ ದಿನ ಹುಡುಕಿದರು. ಲೇತಿನ ಕೆಳಗೆ, ಡಬ್ಬಗಳಲ್ಲಿ, ರಿಪೇರಿಗೆ ಬಂದ ಪಂಪುಗಳ ಒಳಗೆ. ನನ್ನನ್ನು ಕೇಳಿದರು. ನೋಡಿಲ್ಲ ಎಂದೆ. ನನ್ನ ಬದುಕಿನಲ್ಲಿ ನಾನು ಹೇಳಿದ ಅತ್ಯಂತ ಚಿಕ್ಕ ವಾಕ್ಯಗಳಲ್ಲಿ ಅದೊಂದು. ಮಧ್ಯಾಹ್ನ ಊಟವಾದ ಮೇಲೆ ಅವರು ಹುಡುಕುವುದನ್ನು ಬಿಟ್ಟು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತರು; ಅಮ್ಮನ ಭುಜ ಒಂದು ಚೂರು ಇಳಿದದ್ದು ನನಗೆ ಕಂಡಿತು. ಅಷ್ಟರಲ್ಲಿ ಹರೀಶ ಮಾವ ಬಂದ. ಬಂದವನು ಎಂದಿನಂತೆ ನೇರ ಫ್ರಿಜ್ಜಿಗೆ ಹೋದ. ಅಕ್ಕನ ಚಾಕ್ಲೇಟನ್ನು ಹಿಂದಿನ ಸಾಲಿನಿಂದ, ಎಣಿಕೆ ತಪ್ಪದ ಹಾಗೆ, ಕದಿಯುವುದು ಅವನಿಗೆ ಹುಡುಗತನದಿಂದ ಬಂದ ಅಭ್ಯಾಸ. ಟ್ರೇ ಎತ್ತಿದ. ಕೈ ಹಾಕಿದ.

"ಭಾವ, ಪಿಸ್ಟನ್ನೂ ಅಕ್ಕನ ಆರ್ಡರಿಗೆ ಸೇರ್ಸಿದೀರಾ?"

ಎಲ್ಲರೂ ನಕ್ಕರು. ಅಪ್ಪ, ಬೇರಿಂಗಿನ ಜೊತೆ ನಾನೇ ಇಟ್ಟು ಮರೆತಿರಬೇಕು, ವಯಸ್ಸಾಯ್ತು ಎಂದು ನಕ್ಕರು. ಅಮ್ಮನೂ ನಕ್ಕಳು, ಅವಳ ಹಲ್ಲು ಕಾಣಿಸಿತು, ಅಷ್ಟೇ. ಆಗ ಹೇಳಬಹುದಿತ್ತು. ನಾನೂ ಹೇಳಬಹುದಿತ್ತು. ಅಪ್ಪ ಪಿಸ್ಟನ್ ತೆಗೆದುಕೊಂಡು, ಹನಿ ಕೂತಿದ್ದ ಅದರ ಮೈಯನ್ನು ಹೆಗಲ ಮೇಲಿನ ಟವೆಲಿನಲ್ಲಿ ಒರೆಸುತ್ತಾ ಗ್ಯಾರೇಜಿಗೆ ಹೋದರು. ಬೆಳಕು ಹೋಗುವ ಮೊದಲು ಮುಗಿಸಬೇಕಿತ್ತು. ಹೋದ ಕೂಡಲೇ ಅಳತೆ ತೆಗೆದರು, ಸಿಲಿಂಡರು ಉಜ್ಜಿದರು, ಜೋಡಿಸಿದರು. ಅಂಗಳದಲ್ಲಿ ಐದು ನಿಮಿಷ ಇಂಜಿನ್ ಓಡಿಸಿದಾಗ ಅದು ಚೆನ್ನಾಗಿಯೇ ಕೂಗಿತು.

ರೇಸು ನೋಡಲು ನಾನು ಹಟ ಮಾಡಿ ಹೋದೆ. ನಾನಿದ್ದರೆ ಏನೂ ಆಗುವುದಿಲ್ಲ ಎಂಬ ಒಂದು ಅಸಂಬದ್ಧ ನಂಬಿಕೆ. ಆ ವಯಸ್ಸಿನಲ್ಲಿ ನನ್ನಲ್ಲಿದ್ದ ಮೂಢನಂಬಿಕೆ ಅದೊಂದೇ, ಅದೂ ಅವತ್ತಿಗೆ ಮುಗಿಯಿತು. ಕೊಯ್ಲಾದ ಗದ್ದೆ, ಕೂಳೆಯ ಮೇಲೆ ಇಬ್ಬನಿ, ಬದುಗಳ ಮೇಲೆ ಜನ. ಮೊದಲ ಸುತ್ತಿನಲ್ಲಿ ಮಾವ ಮುಂದಿದ್ದ. ಎರಡನೇ ಸುತ್ತಿನ ನೇರ ದಾರಿಯಲ್ಲಿ ಶಬ್ದ ಏರುತ್ತಾ ಏರುತ್ತಾ, ಯಾರೋ ನುಂಗಿದ ಹಾಗೆ, ನಿಂತಿತು. ಕೇಳಿ ಕೇಳಿ ಪಳಗಿದ ಕಿವಿ ನನ್ನದು. ಕಣ್ಣಿಗಿಂತ ಮೊದಲು ಅದಕ್ಕೆ ಗೊತ್ತಾಯಿತು. ಬೆರಳು ಕ್ಲಚ್ಚಿನ ಮೇಲಿರಲಿಲ್ಲ ಎಂದು ಆಮೇಲೆ ಕೆಲವರು ಹೇಳಿದರು. ಇತ್ತು. ನಾನು ನೋಡುತ್ತಿದ್ದದ್ದು ಬೆರಳನ್ನೇ. ಅವನು ಹಿಡಿದ, ಆದರೆ ಹಿಡಿಯುವಷ್ಟರಲ್ಲಿ ಹಿಂದಿನ ಚಕ್ರ ಅಡ್ಡ ತಿರುಗಿಯಾಗಿತ್ತು. ಬೈಕು ಅವನನ್ನು ಬದುವಿಗೆ ಎಸೆದು, ಆಮೇಲೆ ತಾನೂ ಬಂದು ಅವನ ಮೇಲೆ ಬಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಬದುಕುತ್ತಾನೋ ಇಲ್ಲವೋ ಎಂದು ಮೂರು ದಿನ ಯಾರೂ ಹೇಳಲಿಲ್ಲ. ಸೊಂಟದ ಮೂಳೆ, ಎಡ ತೊಡೆ, ಒಳಗೆ ರಕ್ತ. ಅಜ್ಜಿ ಬೆಂಚಿನ ಮೇಲೆ ಕೂತು ಒಂದೇ ಸಮನೆ ಯಾಕೆ ಹೀಗಾಯಿತು, ಯಾರು ಮಾಡಿದ್ದು ಎಂದು ಕೇಳುತ್ತಿದ್ದರು. ಅಮ್ಮ ಗೋಡೆಗೆ ಆನಿಕೊಂಡು ನಿಂತಿದ್ದಳು. ಅವಳು ಬಾಯಿ ತೆರೆದಳು. ಏನೋ ಹೇಳಲು ಹೊರಟಿದ್ದಳು, ಇದನ್ನು ನಾನು ಯಾವ ನ್ಯಾಯಾಲಯದಲ್ಲಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಅದಕ್ಕೆ ಮೊದಲು ಅಪ್ಪ ಮುಂದೆ ಬಂದರು.

"ನಂದೇ ತಪ್ಪು ಅತ್ತೆ. ಜಾಸ್ತಿ ಹಗುರ ಮಾಡ್ಬಿಟ್ಟೆ."

ನೆಂಟರ ಕಥೆ ಹುಟ್ಟಿದ್ದು ಆ ಒಂದು ಮಾತಿನಿಂದ. ಮಾವ ಬದುಕಿದ, ಎಡಗಾಲು ಗಿಡ್ಡವಾಯಿತು, ಮದುವೆ ಎರಡು ಸಲ ತಪ್ಪಿತು. ಅಜ್ಜಿ ನಮ್ಮ ಮನೆಯ ಹೊಸಿಲು ಮತ್ತೆ ತುಳಿಯಲೇ ಇಲ್ಲ. ಅಪ್ಪ ಲೇತನ್ನು ಕೊಟ್ಟುಬಿಟ್ಟರು, ಕಳೆ ಮೆಷಿನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಲಿಲ್ಲ. ಎಲ್ಲರೂ ಅವರನ್ನು ಆಡಿಕೊಂಡರು, ಅಮ್ಮನೊಬ್ಬಳನ್ನು ಬಿಟ್ಟು. ಜಗಳದಲ್ಲಿ ಹಳೆಯ ಕತ್ತರಿಯ ವಿಷಯವನ್ನೂ ಎತ್ತುವ ನನ್ನ ಅಮ್ಮ, ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲವೂ ಆ ಪಿಸ್ಟನ್ನಿನ ಮಾತು ಎತ್ತಿಲ್ಲ. ಅದನ್ನು ನಾನು ಬಹಳ ಕಾಲ ದೊಡ್ಡತನ ಎಂದುಕೊಂಡಿದ್ದೆ.

ಮೈಸೂರಿನಲ್ಲಿ ಓದುವಾಗ ಗೆಳತಿಯೊಬ್ಬಳ ತಾತನ ಹಳೆಯ ಸ್ಕೂಟರು ರಿಪೇರಿಗೆ ಹೋಗಿತ್ತು. ಜೊತೆಗೆ ನಾನೂ ಹೋಗಿದ್ದೆ. ಮೆಕ್ಯಾನಿಕ್ಕು ಹೊಸ ಪಿಸ್ಟನ್ನನ್ನು ಕೈಯಲ್ಲಿ ತಿರುಗಿಸಿ ನೋಡಿ ಇವತ್ತು ಆಗುವುದಿಲ್ಲ ಎಂದ. ಇದು ಬಿಸಿಲಲ್ಲಿತ್ತು, ಸಿಲಿಂಡರು ಒಳಗಿತ್ತು. ಎರಡೂ ಒಂದೇ ರೂಮಿನಲ್ಲಿ ಇದ್ದು ಒಂದೇ ಹದಕ್ಕೆ ಬರಲಿ, ನಾಳೆ ಅಳೆಯುತ್ತೇನೆ, ಇಲ್ಲದಿದ್ದರೆ ಸಂದಿನ ಲೆಕ್ಕ ಸುಳ್ಳಾಗುತ್ತದೆ ಎಂದು ವಿವರಿಸಿದ. ಬಿಸಿಲಿನ ಪಿಸ್ಟನ್ನಿಗೇ ಈ ಎಚ್ಚರವಾದರೆ, ಮಂಜುಗಟ್ಟುವ ಫ್ರೀಜರಿನಲ್ಲಿ ಅರ್ಧ ದಿನ ಮಲಗಿದ್ದದ್ದಕ್ಕೆ? ಕುಗ್ಗಿದ ಪಿಸ್ಟನ್ನನ್ನು ಅಳೆದು, ಆ ಕುಗ್ಗಿದ ಮೈಗೆ ಸರಿಯಾಗಿ ಗೋಡೆ ಉಜ್ಜಿದರೆ, ಅದು ಮಾಮೂಲಿ ಮೈಗೆ ಮರಳಿದಾಗಲೇ ಸಂದು ಅರ್ಧ ಹೋಗಿರುತ್ತದೆ. ಆಮೇಲೆ ರೇಸಿನ ಬಿಸಿಗೆ ಹಿಗ್ಗಲು ಜಾಗವೆಲ್ಲಿ? ನಾಲ್ಕು ಕಡೆಯ ಆ ಗಾಯಗಳು ನನ್ನ ಕಣ್ಣ ಮುಂದೆ ಬಂದವು.

ನನ್ನ ವಿರುದ್ಧ ನಾನೇ ವಾದಿಸಿ ನೋಡಿದ್ದೇನೆ. ತೆಳುವಾದ ಪಿಸ್ಟನ್ ಬೇಗ ಕಾಯುತ್ತದೆ, ಬೇಗ ಹಿಗ್ಗುತ್ತದೆ. ಅಲ್ಲಿಗೆ ಆ ಹದಿನೆಂಟು ಗ್ರಾಮಿಗೂ ಪಾಲಿದೆ. ಸರಿ, ಒಪ್ಪಿದೆ. ಎಷ್ಟು ಪಾಲು? ಗಾಯ ಅದನ್ನು ಹೇಳುವುದಿಲ್ಲ. ಎರಡು ಕಾರಣಕ್ಕೂ ಗಾಯ ಒಂದೇ ತರ ಇರುತ್ತದೆ. ಹಾಗಾಗಿ ನನ್ನ ಬಳಿ ತೀರ್ಪಿಲ್ಲ, ಇರುವುದು ಹೆದರಿಕೆ. ಈ ಮಾತು ಹೊರಗೆ ಬಿದ್ದರೆ ತಮ್ಮನನ್ನು ಉಳಿಸಲು ಹೋಗಿ ಅವನನ್ನು ಮುರಿದವಳು ಅಮ್ಮ ಎಂದಾಗುತ್ತದೆ. ಬಾಗಿಲಲ್ಲಿ ನಿಂತು ನೋಡಿ, ಕೇಳಿದಾಗ ಇಲ್ಲ ಎಂದವಳು ನಾನು. ಬೀಳದಿದ್ದರೆ, ಮಾಡದ ತಪ್ಪಿಗೋ ಮಾಡಿದ ತಪ್ಪಿಗೋ, ಅಪ್ಪ ಹೀಗೇ ತಲೆ ತಗ್ಗಿಸಿಕೊಂಡೇ ಮುದುಕರಾಗುತ್ತಾರೆ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಮ್ಮ ಡಬ್ಬಗಳನ್ನು ಚೀಲಕ್ಕೆ ತುಂಬಿಕೊಂಡು ಮಡಿಕೇರಿಯ ಬಸ್ಸಿಗೆ ಹೋಗಿದ್ದಳು. ಅಪ್ಪ ಗ್ಯಾರೇಜಿನ ನೆಲದಲ್ಲಿ ಕಾಲು ಚಾಚಿ ಕೂತು ಕಳೆ ಮೆಷಿನ್ನೊಂದನ್ನು ಬಿಚ್ಚುತ್ತಿದ್ದರು. ನಾನು ಎದುರು ಕೂತೆ. ಅಮ್ಮ ಸೆರಗಿನಲ್ಲಿ ತಂದದ್ದು, ನಾನು ನೋಡಿದ್ದು, ನೋಡಿಲ್ಲ ಎಂದದ್ದು, ಮೈಸೂರಿನ ಮೆಕ್ಯಾನಿಕ್ಕು ಹೇಳಿದ್ದು, ಎಲ್ಲವನ್ನೂ ಒಂದಾದ ಮೇಲೊಂದು ಮುಂದಿಟ್ಟೆ. ಅವರ ಕೈ ನಿಲ್ಲಲಿಲ್ಲ, ಆದರೆ ಬಿಚ್ಚಿದ ಸ್ಕ್ರೂವನ್ನೇ ಮತ್ತೆ ಬಿಗಿಯುತ್ತಿತ್ತು. ಕೊನೆಗೆ ಕೇಳಿದೆ.

"ಅಪ್ಪ, ನೀರಿನ್ ಹನಿ ಕೂತಿತ್ತು, ನೀವೇ ಟವಲಲ್ಲಿ ಒರೆಸಿದ್ರಿ. ತಣ್ಣಗಿತ್ತು ಅಂತ ನಿಮ್ ಕೈಗೆ ಗೊತ್ತಾಗ್ದೇ ಇರಲ್ಲ. ಆಸ್ಪತ್ರೇಲಿ ಅಮ್ಮ ಬಾಯಿ ಬಿಡೋಕ್ ಮುಂಚೆ ನಂದೇ ತಪ್ಪು ಅಂದ್ರಲ್ಲ, ಅದು ಅಮ್ಮನ್ನ ಉಳ್ಸೋಕೆ ಹೇಳಿದ್ದಾ, ಇಲ್ಲ ಪಿಸ್ಟನ್ ಕುಗ್ಗಿದೆ ಅಂತ ಅಳತೆ ತೆಗಿಯೋವಾಗ್ಲೇ ನಿಮ್ಗೆ ಗೊತ್ತಿತ್ತಾ?"